ಎಲ್ಲವೂ ಎರಡೆರಡು

ಶ್ರೀ ಗುರುಬಸವಲಿಂಗಾಯ ನಮಃ

ನಿಂಬರ್ಗಾ, ತಾ. ಆಳಂದ
೧೨-೫-೨೦೨೪

ಚಿ. ಶೈಲಶ್ರೀಗೆ ನಿನ್ನ ಅವ್ವ ಮನಸಾರೆ ಮಾಡುವ ಆಶೀರ್ವಾದಗಳು.

ಇಲ್ಲಿ ನಿಮ್ಮ ಅಪ್ಪ, ನಾನು, ಎರಡು ಎಮ್ಮೆ, ಎಲ್ಲರೂ ಬಿಸಿಲಿಗೆ ಬೇಯುತ್ತ ಬದುಕಿದ್ದೇವೆ. ಜೇವರ್ಗಿಯಲ್ಲಿ ನಿನ್ನ ಕೋಣೆಯ ಫ್ಯಾನು ತಿರುಗುತ್ತಿದೆಯೋ ಇಲ್ಲವೋ, ಇಲೆಕ್ಷನ್ ಡ್ಯೂಟಿಯಲ್ಲಿ ಬಿಸಿಲು ಬಡಿಯಿತೋ ಏನೋ, ಕೇಳಬೇಕೆಂದಿದ್ದೆ. ಕೇಳಲಿಲ್ಲ. ನಿನ್ನ ಫೋನು ಬಂದಾಗಲೆಲ್ಲ ಸಗಣಿ ಬಾಚುವ ನೆವ ಮಾಡಿ ಹಿತ್ತಲಿಗೆ ಹೋದೆ. ಅದಕ್ಕೆ ಈಗ ಕ್ಷಮೆ ಕೇಳಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ನಾನು ಸಿಟ್ಟು ಮಾಡಿಕೊಂಡು ಕೂತರೆ ನಿನ್ನ ಚೀಲ ತುಂಬುವವರು ಯಾರು?

ಫೋನು ಇರುವಾಗ ಕಾಗದವೇಕೆ ಎಂದು ನಗುತ್ತೀ. ನಮ್ಮ ಮನೆಯ ಫೋನಿನ ಗತಿ ನಿನಗೆ ಗೊತ್ತೇ ಇದೆ. ನಿಮ್ಮ ಅಪ್ಪ ಅದನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲೆ ಇಟ್ಟುಬಿಡುತ್ತಾರೆ, ತಾಯಿಮಗಳ ಮಾತು ಓಣಿಗೆಲ್ಲ ಹಂಚಿಹೋಗುತ್ತದೆ. ಕಾಗದವಾದರೆ ನೀನೊಬ್ಬಳೇ ಓದುತ್ತೀ. ಅಂಗನವಾಡಿಯ ರಜಿಸ್ಟರು ಬರೆದು ಬರೆದು ನನ್ನ ಕೈಗೆ ಪುಸ್ತಕದ ಕನ್ನಡವೇ ಹತ್ತಿಬಿಟ್ಟಿದೆ, ಅದಕ್ಕೂ ನಗಬೇಡ.

ನೀನು ಬೆಟ್ಟಕ್ಕೆ ಹೋಗುವ ಸುದ್ದಿ ನನಗೆ ಯಾರಿಂದ ತಿಳಿಯಬೇಕಿತ್ತು ಹೇಳು. ಪಕ್ಕದ ಮನೆಯ ವಜೀರುನ್ನಿಸಾ ಉಣ್ಣೆಯ ಉಂಡೆ ಹಿಡಿದುಕೊಂಡು ಬಂದಳು. ಹೊರಗೆ ನೆಲ ಮುಟ್ಟಿದರೆ ಬೊಬ್ಬೆ ಏಳುವ ಬಿಸಿಲು, ಇವಳ ಕೈಯಲ್ಲಿ ಉಣ್ಣೆ. "ಗಂಗಕ್ಕಾ, ಶೈಲಾಗ ಟೋಪಿ ಹೆಣ್ಯಾಕತ್ತೇನಿ. ಕಿವಿ ಮುಚ್ಚೂವಂಗ ಬೇಕಂತ ಫೋನ್ ಮಾಡಿದ್ಲು. ಹಿಮಾಲಯಕ್ಕ ಹೊಂಟಾಳಂತಲ್ಲ, ನಿನಗ ಹೇಳಿಲ್ಲೇನು?" ಅಂದಳು. ನಾನು ಗೊತ್ತಿದೆ ಎಂಬಂತೆ ತಲೆ ಆಡಿಸಿದೆ. ನೆರೆಯವಳ ಮುಂದೆ ಮರ್ಯಾದೆ ಬೇಕಲ್ಲ.

ನಿಮ್ಮ ಅಪ್ಪನನ್ನು ಕೇಳಿದರೆ ಅವರಿಗೆ ಮೊದಲೇ ಗೊತ್ತು. "ಹೌದು, ನನಗ ಹೇಳ್ಯಾಳ. ಅದೇ ಬೆಟ್ಟ, ಅದೇ ಘಾಟು. ಅಣ್ಣ ಅರ್ಧಕ್ಕ ಬಿಟ್ಟ ದಾರಿ ಮುಗಿಸಿ ಆ ಕಡಿ ಇಳಿದು ಬರ್ತೇನಿ ಅಂದ್ಲು. ಬ್ಯಾಡ ಅನ್ನಾಕ ನನಗ ಬಾಯಿ ಬರ್ಲಿಲ್ಲ" ಅಂದರು. ನಾನು ಅಂದೆ: "ನಿಮಗ ಬಾಯಿ ಬರ್ಲಿಲ್ಲ. ಇಲ್ಲಿ ನನಗ ಜೀವ ಹೋಗಾಕತ್ತದ." ಅವತ್ತು ಇಬ್ಬರೂ ಉಣ್ಣಲಿಲ್ಲ. ರೊಟ್ಟಿ ಎಮ್ಮೆಗೆ ಹಾಕಿದೆ.

ಎರಡು ವರ್ಷದ ಹಿಂದಿನದನ್ನು ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಒಮ್ಮೆ ಬರೆದರೆ ಕೈ ಮುಂದಕ್ಕೆ ಹೋದೀತು. ನಿಮ್ಮ ಅಣ್ಣ ಸಿದ್ದಲಿಂಗ ಕಾಲೇಜಿನ ಹುಡುಗರ ಜೊತೆ ಅಲ್ಲಿಗೆ ಹೋದ. ಘಾಟಿನ ಕೆಳಗಿನ ಕೊನೆಯ ಕ್ಯಾಂಪಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಹಿಮ ಬಿತ್ತು. ಅವನ ಕೋಣೆಯ ಗೆಳೆಯ, ಅಂದೋಲಾದ ಗುರುಲಿಂಗ, ಹಳ್ಳ ದಾಟುವಾಗ ಬಿದ್ದು ತೊಯ್ದು ತಪ್ಪಡಿಯಾಗಿ ಬಂದ. ಸಿದ್ದು ಮೈಮೇಲಿನ ದಪ್ಪ ಜಾಕೀಟು ಬಿಚ್ಚಿ ಅವನಿಗೆ ತೊಡಿಸಿ, ತಾನು ಅಂಗಿಯ ಮೇಲೆ ಕೌದಿ ಹೊದ್ದು ಮಲಗಿದ. ಬೆಳಿಗ್ಗೆ ಗುರುಲಿಂಗ ಎದ್ದ, ನಮ್ಮವನು ಏಳಲಿಲ್ಲ. ಪೆಟ್ಟಿಗೆಯಲ್ಲಿ ಬಂದವನನ್ನು ನಮ್ಮ ಪದ್ಧತಿಯಂತೆ ಕೂಡಿಸಿ ಮಣ್ಣು ಕೊಡುವುದಕ್ಕೂ ಆಗಲಿಲ್ಲ. ಮಲಗಿಸಿಯೇ ಕೊಟ್ಟೆವು.

ನಮ್ಮ ಮನೆಯ ರೀತಿ ನಿನಗೆ ಗೊತ್ತು. ಒಲೆಯಿಂದ ಇಳಿದ ಮೊದಲ ರೊಟ್ಟಿ ನಮ್ಮದಲ್ಲ, ಬಂದವರದು. ಅದು ನಿಮ್ಮ ಅಜ್ಜಿ ಹಾಕಿಕೊಟ್ಟ ದಾಸೋಹ, ನಾನು ತಪ್ಪಿಸಲಿಲ್ಲ. ನೀವಿಬ್ಬರೂ ಅದನ್ನು ರೊಟ್ಟಿಗೆ ನಿಲ್ಲಿಸಲಿಲ್ಲ. ಅವನು ಶಾಲೆಗೆ ಚಪ್ಪಲಿ ಮೆಟ್ಟಿ ಹೋಗಿ ಬರಿಗಾಲಲ್ಲಿ ಬರುತ್ತಿದ್ದ. ನೀನು ಹೊಸ ಕೊಡೆ ಯಾರಿಗೋ ಕೊಟ್ಟು ನೆನೆದುಕೊಂಡು ಬಂದು, ಜ್ವರದಲ್ಲಿ ಮಲಗಿ, "ಆಕೀದು ಮನಿ ದೂರ ಅದ ಯವ್ವಾ" ಅಂದಿದ್ದೆ. ನಾನು ಬೈದ ಹಾಗೆ ಮಾಡಿ ಒಳಗೊಳಗೆ ಉಬ್ಬುತ್ತಿದ್ದೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ನೆರೆಹೊರೆಯವರು ಅಂದರೆ ಆ ದಿನ ಒಂದು ಹಿಡಿ ಅಕ್ಕಿ ಹೆಚ್ಚೇ ಹಾಕುತ್ತಿದ್ದೆ.

ಹೋಗಬೇಡ ಎಂದು ಬರೆಯಲು ಕೂತಿದ್ದೆ. ಇಷ್ಟು ಬರೆಯುವಷ್ಟರಲ್ಲಿ ತಿಳಿಯಿತು, ನೀನು ಕೇಳುವವಳಲ್ಲ. ತಡೆದರೆ ಹೇಳದೆ ಹೋಗುತ್ತೀ, ಹೇಳದೆ ಹೋದವಳ ಚೀಲದಲ್ಲಿ ಏನಿದೆಯೆಂದು ನನಗೆ ಹೇಗೆ ತಿಳಿಯಬೇಕು? ಆದ್ದರಿಂದ ಹೋಗು. ಆದರೆ ಚೀಲ ನಾನು ತುಂಬುತ್ತೇನೆ. ಜೇವರ್ಗಿಯಲ್ಲಿ ಏನೇನು ಕೊಂಡಿದ್ದೀಯೋ ಅದನ್ನೆಲ್ಲ ಬಸ್ಸಿಗೆ ಹಾಕಿ ಕಳಿಸು, ಬೂಟು ಮಾತ್ರ ಇಟ್ಟುಕೊಂಡು ಶಾಲೆಯ ಮೈದಾನದಲ್ಲಿ ದಿನವೂ ಹಾಕಿಕೊಂಡು ಓಡಾಡು. ಹೊಸ ಬೂಟು ಹೊಸ ಸೊಸೆ ಇದ್ದ ಹಾಗೆ, ಪಳಗುವ ತನಕ ಕಚ್ಚುತ್ತದೆ. ನಮಗೆ ಗೊತ್ತಿದ್ದವರಲ್ಲಿ ಅಲ್ಲಿಯ ಥಂಡಿ ಕಂಡವನು ಗುರುಲಿಂಗ ಒಬ್ಬನೇ. ಅವನನ್ನು ಕರೆಸುತ್ತೇನೆ.

ನಿನ್ನ ಮೇಲೆ ಸಿಟ್ಟಿರುವ,
ಅವ್ವ
ಗಂಗಾಬಾಯಿ

•

ನಿಂಬರ್ಗಾ
೨೯-೫-೨೦೨೪

ಚಿ. ಶೈಲಾ, ನಿನಗೆ ಒಳ್ಳೆಯದಾಗಲಿ.

ಎರಡು ವಾರ ನಿನಗೆ ಒಂದಕ್ಷರ ಬರೆಯಲಿಲ್ಲ. ಕೈ ಬಿಡುವಿರಲಿಲ್ಲ ಎಂದರೆ ಅರ್ಧ ನಿಜ. ಈ ಕಾಗದ ನಿನಗೆ ಎಲ್ಲಿ ಸಿಕ್ಕಿತೆಂದು ನಿನಗೆ ಗೊತ್ತು, ಆ ಜೇಬಿನ ಮಾತು ಆಮೇಲೆ ಹೇಳುತ್ತೇನೆ. ರೈಲು ಸೋಲಾಪುರ ಮುಟ್ಟುವ ಮೊದಲೇ ನೀನು ಚೀಲ ಬಿಚ್ಚುತ್ತೀ ಎಂದೂ ಗೊತ್ತು. ಬಿಚ್ಚು, ಆದರೆ ಕಿತ್ತು ಹಾಕಬೇಡ. ಒಂದೊಂದನ್ನೂ ಅದರದರ ಜಾಗದಲ್ಲಿ ಇಟ್ಟಿದ್ದೇನೆ.

ನಾಳೆ ನಿಮ್ಮ ಅಪ್ಪ ಈ ಚೀಲವನ್ನು ಕಲಬುರ್ಗಿ ಸ್ಟೇಶನ್ನಿಗೆ ತರುತ್ತಾರೆ. ನಾನು ಬರುವುದಿಲ್ಲ. ಅಲ್ಲಿಯೇ ನಿಂತು ಸಿದ್ದುವಿಗೆ ಕೈ ಬೀಸಿದ್ದೆ. ಅದೇ ಕಲ್ಲಿನ ಮೇಲೆ ನಿಂತು ಇನ್ನೊಮ್ಮೆ ಬೀಸಲು ನನ್ನ ಕೈ ಏಳುವುದಿಲ್ಲ.

ಗುರುಲಿಂಗ ನಿನ್ನೆ ಬಂದಿದ್ದ. ಈಗ ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿದ್ದಾನೆ, ಅಲ್ಲಿಂದ ಮೋಟರ್ ಸೈಕಲ್ಲಿನ ಮೇಲೆ ಬಂದು ಮುಖವೆಲ್ಲ ಸುಟ್ಟ ಬದನೆಕಾಯಿ ಮಾಡಿಕೊಂಡಿದ್ದ. ವರ್ಷಕ್ಕೊಮ್ಮೆ ಸಿದ್ದುವಿನ ದಿನಕ್ಕೆ ಬರುತ್ತಾನಲ್ಲ, ಆಗಲೂ ತಲೆ ಎತ್ತುವುದಿಲ್ಲ, ನಿನ್ನೆಯೂ ಎತ್ತಲಿಲ್ಲ. ನಾನು ಆಗಲೇ ಹೊರಸಿನ ಮೇಲೆ ಎಲ್ಲವನ್ನೂ ಹರಡಿದ್ದೆ. ದಪ್ಪನೆಯ ಹತ್ತಿಯ ಬನಿಯನ್ನು, ಹತ್ತಿಯ ಸಲವಾರು, ಟವೆಲ್ಲು, ಎಲ್ಲಕ್ಕಿಂತ ಮೇಲೆ ಕೌದಿ. ನಮ್ಮ ಸೀಮೆಯವರಿಗೆ ಒಳ್ಳೆಯ ಬಟ್ಟೆ ಎಂದರೆ ಹತ್ತಿ, ಇನ್ನೊಂದು ತಿಳಿಯದು. ಅವನು ಒಂದೊಂದನ್ನೇ ಎತ್ತಿ ಆಚೆ ಇಡತೊಡಗಿದ.

"ಅವ್ವಾರ, ಇದು ಹತ್ತಿದದ. ಬ್ಯಾಡ್ರಿ. ಇದೂ ಬ್ಯಾಡ್ರಿ."

"ಥಂಡಿಗಿ ಹತ್ತಿ ಬ್ಯಾಡಂದ್ರ ಏನು, ತಗಡು ಸುತ್ಕೊಂಡು ಹೋಗ್ಬೇಕೇನೋ?"

"ಏರೂ ಮುಂದ ಬೆವರು ಬರ್ತದರಿ. ತೊಯ್ದ ಹತ್ತಿ ಅಲ್ಲಿ ಒಣಗಂಗಿಲ್ಲ. ಮೈಯಾಗಿನ ಕಾವೆಲ್ಲ ಕುಡೀತದ. ಒಳಗ ತೆಳ್ಳಗಿಂದು, ನಡುವ ಉಣ್ಣಿದು, ಮ್ಯಾಲ ಗಾಳಿ ಮಳಿ ತಡಿಯೂವಂಥದು. ಉಳ್ಳಾಗಡ್ಡಿ ಹಂಗ, ಪದರಿನ ಮ್ಯಾಲ ಪದರು ಬೇಕ್ರಿ."

ನನ್ನ ಕೈ ಕೌದಿಯ ಮೇಲಿತ್ತು. ನನ್ನ ಹಳೆಯ ಇಳಕಲ್ ಸೀರೆಗಳ ಕೌದಿ ಅದು. ಅದರ ಜೋಡಿ ಸಿದ್ದುವಿನ ಜೊತೆ ಹೋಗಿತ್ತು. "ಹಂಗಂದ್ರ ಇದೂ ಕುಡೀತದೇನೋ ಗುರುಲಿಂಗ?" ಎಂದು ಕೇಳಿದೆ. ಅವನು ಬಹಳ ಹೊತ್ತು ಚೀಲದ ಪಟ್ಟಿ ಬಿಗಿಯುತ್ತ ಕೂತ. ಆಮೇಲೆ "ಕೌದಿದು ಬ್ಯಾರೆರಿ. ಕೌದಿಯಿಂದ ಏನೂ ಆಗಿಲ್ರಿ" ಅಂದ. ಸುಳ್ಳೆಂದು ಅವನಿಗೂ ಗೊತ್ತು, ನನಗೂ ಗೊತ್ತು. ನಾನು ಕೌದಿಯನ್ನು ಮಡಚಿ ಒಳಗಿನ ಟ್ರಂಕಿನಲ್ಲಿ ಇಟ್ಟು ಬಂದು, ಅವನಿಗೆ ಮಜ್ಜಿಗೆ ಕೊಟ್ಟೆ.

ಹೀಗಾಗಿ ನಿನ್ನ ಚೀಲದಲ್ಲಿ ಹತ್ತಿಯ ಎಳೆಯೂ ಇಲ್ಲ. ಒಳಗಿನ ಥರ್ಮಲ್ಲುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದ್ದೇನೆ, ಮಲಗುವಾಗ ಹಾಕಿಕೊಳ್ಳುವ ಜೋಡಿಯನ್ನು ಹಗಲು ಮುಟ್ಟಬೇಡ. ಎಷ್ಟೇ ದಣಿದಿರು, ಹಸಿ ಕಾಲುಚೀಲ ಕಳಚದೆ ಮಲಗಬೇಡ. ಔಷಧಿ ಎಡಗಡೆಯ ಜೇಬಿನಲ್ಲಿ, ಬ್ಯಾಟರಿ ಬಲಗಡೆ. ತಲೆ ಸಿಡಿದರೆ, ವಾಂತಿ ಬಂದರೆ ಶೂರತನ ಬೇಡ, ಸುಮ್ಮನೆ ಕೆಳಗೆ ಇಳಿ. ಘಾಟು ಎಲ್ಲಿಗೂ ಓಡಿಹೋಗುವುದಿಲ್ಲ.

ತೊಗರಿ ಚೀಲ ತೂಗುವ ಕೊಕ್ಕೆಗೆ ಗುರುಲಿಂಗ ನಿನ್ನ ಚೀಲ ತೂಗುಹಾಕಿ ನೋಡಿದ. "ಭಾಳ ವಜನ ಆತ್ರಿ. ಬೆನ್ನ ಮ್ಯಾಲ ಇಷ್ಟು ಹೊತ್ತು ಆಕಿ ಏರಂಗಿಲ್ಲ" ಅಂದ. ಬಿಚ್ಚಿ ಒಂದು ಸ್ವೆಟರು ತೆಗೆದ. ನಾನು ಮತ್ತೆ ಇಟ್ಟೆ. ಕೈಗವಸು ಒಂದು ಜೊತೆ ತೆಗೆದ. ಅದನ್ನೂ ಇಟ್ಟೆ. ಟೋಪಿ ತೆಗೆದಾಗ ಅವನ ಕೈಯಿಂದ ಕಸಿದುಕೊಂಡೆ. ಆಗ ಅವನು ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದ.

"ಅವ್ವಾರ, ಒಂದೇ ಸಾಕ್ರಿ. ಎಲ್ಲಾ ಎರಡೆರಡು ಯಾಕ್ರಿ?"

"ಒಂದು ಆಕೀಗಿ. ಒಂದು ಆಕಿ ಯಾರಿಗರೆ ಕೊಡಾಕ" ಅಂದೆ.

ಮಾತು ಬಾಯಿಂದ ಜಾರಿಹೋಗಿತ್ತು. ಅವನ ಮುಖ ನೋಡಲಾರದೆ ನಾನು ಕಾಲುಚೀಲ ಮಡಚುತ್ತ ಕೂತೆ. ವಜೀರುನ್ನಿಸಾ ಟೋಪಿಯ ಕೊನೆಯ ಗಂಟು ಹಾಕುತ್ತ ಅಲ್ಲೇ ಇದ್ದಳು, ಅವಳೂ ಸೂಜಿ ನಿಲ್ಲಿಸಿದಳು. ಗುರುಲಿಂಗ ತೆಗೆದಿದ್ದನ್ನೆಲ್ಲ ಒಂದೊಂದಾಗಿ ತಿರುಗಿ ಚೀಲದೊಳಗೆ ಇಟ್ಟ. ಪುಸ್ತಕ, ಹೆಚ್ಚಿನ ಸೋಪು, ಬೇರೆ ಏನೇನು ತೆಗೆಯಲು ಸಾಧ್ಯವೋ ಅದನ್ನು ತೆಗೆದ. "ಇಷ್ಟಕ್ಕೂ ಭಾರ ಆದ್ರ ಕೆಳಗಿನ ಕ್ಯಾಂಪಿನ್ಯಾಗ ಹೇಸರಗತ್ತಿ ಮ್ಯಾಲ ಹಾಕ್ಲಿ. ಇವೆಲ್ಲಾ ಇರ್ಲಿ ಅವ್ವಾರ" ಅಂದು ಎದ್ದು ಹೊರಗೆ ಹೋದ. ಹೇಳದೆ ಹೊರಟುಹೋದನೆಂದೇ ನಾನು ತಿಳಿದೆ.

ಹೋಗಿರಲಿಲ್ಲ. ಗಾಡಿಯ ಪೆಟ್ಟಿಗೆಯಿಂದ ಒಂದು ಗಂಟು ತಂದು ನನ್ನ ಮುಂದೆ ಇಟ್ಟ. ಬಿಳಿ ಪಂಚೆಯಲ್ಲಿ ಕಟ್ಟಿದ್ದ, ದೇವರ ಸಾಮಾನು ಕಟ್ಟುವ ಹಾಗೆ. ಬಿಚ್ಚಿದರೆ ಸಿದ್ದುವಿನ ಜಾಕೀಟು. ಅದೇ ಕಿತ್ತಳೆ ಬಣ್ಣ, ಎಡತೋಳಿನ ಮೇಲೆ ಅದೇ ಕರಿ ಪಟ್ಟಿ.

"ಹ್ಯಾಂಗ ತಂದು ಕೊಡ್ಲಿ ಅಂತ ಎರಡು ವರ್ಷ ಆತ್ರಿ. ಪ್ರತಿ ಸಲ ಗಾಡ್ಯಾಗ ಇಟ್ಕೊಂಡು ಬರ್ತಿದ್ದೆ. ಕೊಡಾಕ ಧೈರ್ಯ ಬರ್ಲಿಲ್ಲ, ಹಂಗೇ ಒಯ್ತಿದ್ದೆ. ಇದು ಭಾಳ ಬೆಚ್ಚಗದರಿ. ಬೆಚ್ಚಗದ ಅಂತ ನನಗ ಗೊತ್ತದರಿ" ಅಂದ.

ನಾನು ಅದನ್ನು ಎತ್ತಿಕೊಂಡೆ. ಸಿದ್ದುವಿನ ವಾಸನೆ ಉಳಿದಿರಲಿಲ್ಲ, ಗುರುಲಿಂಗ ತೊಳೆದು ಇಟ್ಟಿದ್ದಾನೆ. ಅಷ್ಟರಲ್ಲಿ ನಿಮ್ಮ ಅಪ್ಪ ಹೊಲದಿಂದ ಬಂದರು. ಜಾಕೀಟು ಕಂಡು ಕಂಬಕ್ಕೆ ಒರಗಿ ನಿಂತುಬಿಟ್ಟರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡು, "ನನ್ನ ಮಗ ಶರಣ. ಇದನ್ನ ಶೈಲಾ ಹಾಕ್ಕೊಂಡು ಹೋಗ್ಲಿ. ಅವನ ಹಂಗೇ ಹೆಸರು ತರ್ಲಿ" ಅಂದರು.

ಅವನ ಹಾಗೆಯೇ ಎಂದರು, ಶೈಲಾ. ನಾನು ರೊಟ್ಟಿ ಬಡಿಯುವ ನೆವದಿಂದ ಒಳಗೆ ಹೋದೆ, ಹಿಟ್ಟಿಗೆ ನೀರು ಹೆಚ್ಚಾಗಿ ಒಂದು ರೊಟ್ಟಿಯೂ ನೆಟ್ಟಗೆ ಏಳಲಿಲ್ಲ. ನಿಮ್ಮ ಅಪ್ಪನ ಮೇಲೆ ತಪ್ಪು ತಿಳಿಯಬೇಡ. ಮಗ ಹೋದ ಮೇಲೆ ಅವರು ಆ ಒಂದು ಹೆಸರಿನ ಮೇಲೆ ಕೈಯೂರಿ ನಿಂತಿದ್ದಾರೆ. ಅದನ್ನು ನಾನು ಎಳೆದರೆ ಅವರು ಬಿದ್ದುಹೋಗುತ್ತಾರೆ. ಅದಕ್ಕೇ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದೇನೆ, ಫೋನಿನಲ್ಲೂ.

ಜಾಕೀಟು ನಿನ್ನ ಮೈಗೆ ಸ್ವಲ್ಪ ದೊಡ್ಡದಾದೀತು, ಒಳಗೆ ಎರಡು ಪದರು ಹಿಡಿಯಲು ಅದೇ ಒಳ್ಳೆಯದಂತೆ. ಈ ಕಾಗದವನ್ನು ಅದರ ಎದೆಯ ಜೇಬಿನಲ್ಲೇ ಇಟ್ಟಿದ್ದೇನೆ. ಚೀಲದ ತೀರ ಮೇಲೆ ಒಂದು ಶಾಲು ಇದೆ. ಹೋದ ವರ್ಷ ಮಠದಲ್ಲಿ ವೀರಮಾತೆ ಎಂದು ನನಗೆ ಹೊದಿಸಿದ್ದು. ಒಂದು ದಿನವೂ ಹೊದೆಯಲಿಲ್ಲ. ಯಾರಿಗಾದರೂ ಏನಾದರೂ ಕೊಡಬೇಕು ಎನಿಸಿದರೆ ಮೊದಲು ಅದನ್ನು ಕೊಟ್ಟುಬಿಡು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಂಟಿನುಂಡಿ ಬೇರೆ ಡಬ್ಬಿಯಲ್ಲಿವೆ. ಅವನ್ನು ಎಲ್ಲರಿಗೂ ಹಂಚಿ ತಿನ್ನು. ತಿನ್ನುವುದನ್ನು ಹಂಚಬೇಡ ಎಂದು ನಾನು ಯಾವತ್ತೂ ಹೇಳುವವಳಲ್ಲ.

ಘಾಟಿನ ಕೆಳಗೆ ಅವನು ಮಲಗಿದ್ದ ಜಾಗದಲ್ಲಿ ಒಂದು ಚಿಟಿಕೆ ವಿಭೂತಿ ಇಡು, ಪುಡಕೆಯಲ್ಲಿ ಕಟ್ಟಿ ಕೊಟ್ಟಿದ್ದೇನೆ. ಅಳಬೇಡ, ಅಲ್ಲಿ ಕಣ್ಣೀರೂ ಹೆಪ್ಪುಗಟ್ಟುತ್ತದಂತೆ. ಗುರು ನಿನ್ನ ಮುಂದೆ ಇರಲಿ, ನಿಮ್ಮ ಅಣ್ಣ ಹಿಂದೆ ಇರಲಿ. ಹೋದ ಕಾಲು ಹಾಗೆಯೇ ತಿರುಗಿ ನಮ್ಮ ಹೊಸ್ತಿಲು ಮೆಟ್ಟಲಿ.

ಸಿಟ್ಟು ಇಳಿದಿರುವ,
ನಿನ್ನ ಅವ್ವ
ಗಂಗಾಬಾಯಿ

ತಾ.ಕ.: ಇಲ್ಲಿಯತನಕ ಬರೆದದ್ದನ್ನು ಯಾರು ಓದಿದರೂ ಸರಿ. ಇಲ್ಲಿಂದ ಮುಂದಿನದನ್ನು ಓದಿ ಹರಿದು ರೈಲಿನ ಕಿಟಕಿಯಿಂದ ಬಿಸಾಕು.

ಅವತ್ತು ಮಠದಲ್ಲಿ ಶಾಲು ಹೊದಿಸಿ, ಇಂಥ ಮಗನನ್ನು ಹೆತ್ತ ಹೊಟ್ಟೆ ತಣ್ಣಗಿರಲಿ ಎಂದರು. ನಾನು ಕೈ ಮುಗಿದೆ. ತಣ್ಣಗಿಲ್ಲ ಶೈಲಾ, ಉರಿಯುತ್ತಿದೆ. ಎರಡು ವರ್ಷದಿಂದ ಜನ ಹೊಗಳುವಾಗಲೆಲ್ಲ ನನ್ನ ಒಳಗೆ ಒಂದೇ ಮಾತು: ಯಾಕೆ ಕೊಟ್ಟೆಯೋ ನನ್ನಪ್ಪಾ, ಯಾಕೆ ಬಿಚ್ಚಿ ಕೊಟ್ಟೆ. ಗುರುಲಿಂಗ ಬದುಕಿದ್ದು ನನಗೆ ಸಂತೋಷ, ಅವನು ಉಣ್ಣುವಾಗ ತುಪ್ಪ ಹೆಚ್ಚು ಬಡಿಸುತ್ತೇನೆ. ಅದೂ ನಿಜ, ಇದೂ ನಿಜ. ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಗಾದೆ ಬಾಯಿತನಕ ಬರುತ್ತದೆ, ಸತ್ತ ಮಗನ ಮೇಲೆ ಆ ಮಾತು ಆಡಲಾರದೆ ನುಂಗುತ್ತೇನೆ.

ಕೊಡಬೇಡ ಎಂದರೆ ನೀನು ಕೇಳುವುದಿಲ್ಲ, ಹಾಲಿನ ಜೊತೆ ಕುಡಿಸಿದ್ದನ್ನು ಈಗ ಕಕ್ಕಿಸಲು ಬರುವುದಿಲ್ಲ. ಅದಕ್ಕೇ ಎಲ್ಲವನ್ನೂ ಎರಡೆರಡು ಇಟ್ಟಿದ್ದೇನೆ. ಸ್ವೆಟರು ಕೊಡು, ಟೋಪಿ ಕೊಡು, ಕೈಗವಸು ಕೊಡು. ಜಾಕೀಟು ಒಂದೇ ಇದೆ. ಅದನ್ನು ನಮ್ಮ ಮನೆಯಿಂದ ಒಮ್ಮೆ ಕೊಟ್ಟಾಗಿದೆ, ಅದರ ದಾಸೋಹ ಮುಗಿದಿದೆ. ಎದುರಿಗೆ ಯಾರು ನಡುಗುತ್ತಿರಲಿ, ಯಾರು ಏನು ಅನ್ನಲಿ, ಅಂಥ ಅಣ್ಣನಿಗೆ ಇಂಥ ತಂಗಿಯೇ ಎನ್ನಲಿ, ನಿಮ್ಮ ಅಪ್ಪನೇ ಮಾತು ಬಿಡಲಿ, ಮೈಮೇಲಿಂದ ತೆಗೆಯಬೇಡ. ಪಾಪ ಬಂದರೆ ನನಗೆ ಬರಲಿ. ನನಗೆ ಇನ್ನೊಂದು ಶಾಲು ಬೇಡ. ಕೆಟ್ಟ ಹೆಸರು ಹೊತ್ತುಕೊಂಡಾದರೂ ಮನೆಗೆ ಬಾ.

ಜಾಕೀಟಿನ ಜಿಪ್ಪು ಕೊರಳ ಹತ್ತಿರ ಸಿಕ್ಕಿಕೊಳ್ಳುತ್ತದೆ. ಹಾಕಿಕೊಳ್ಳುವಾಗ ಸಲೀಸು, ಬಿಚ್ಚುವಾಗ ಕಷ್ಟ. ಮೇಣ ತಿಕ್ಕಿ ಸರಿ ಮಾಡ್ತೇನಿ ಎಂದು ಗುರುಲಿಂಗ ಅಂದ. ನಾನು ಬೇಡವೆಂದೆ.